ಕ್ಯಾಲೆಂಡರಿನಲ್ಲಿ ನಾಲ್ಕು ಖಾಲಿ ಮನೆ

ಏಪ್ರಿಲ್ 18, ಶನಿವಾರ, ರಾತ್ರಿ 9.40

ಕರೆಂಟ್ ಈಗ ತಾನೆ ಬಂತು. ಫ್ಯಾನ್ ತಿರುಗುತ್ತಿದೆ, ಗಾಳಿ ಮಾತ್ರ ಬಿಸಿ. ಮಲಗಿದರೂ ನಿದ್ದೆ ಬರುವುದಿಲ್ಲ ಅಂತ ಗೊತ್ತು. ಅದಕ್ಕೇ ಬರೆಯಲು ಕೂತೆ.

ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ಮನೆ ಖಾಲಿ ಬಿದ್ದಿವೆ. 14, 15, 16, 17. ಜನವರಿ 6ರಿಂದ ಏಪ್ರಿಲ್ 13ರವರೆಗೆ 98 ದಿನ, ಒಂದೂ ತಪ್ಪಿಸಿರಲಿಲ್ಲ. ದಿನಾ 12 ಸುತ್ತು ಸೂರ್ಯನಮಸ್ಕಾರ, ನಿಂತು ಮಾಡುವ ಐದಾರು ಆಸನ, ವಾರಕ್ಕೆ ಮೂರು ದಿನ ಡಂಬೆಲ್ಸ್, ಕೊನೆಗೆ ಶವಾಸನ. ಮುಗಿದ ಮೇಲೆ ಹಸಿರು ಪೆನ್ನಿನಲ್ಲಿ ಒಂದು ಟಿಕ್. ಫೆಬ್ರವರಿಯಲ್ಲಿ ಜ್ವರ ಬಂದಾಗಲೂ ಕೂತು ಉಸಿರಾಟವನ್ನಾದರೂ ಮಾಡಿ ಟಿಕ್ ಹಾಕಿದ್ದೆ. ಈಗ ಆ ಗೋಡೆಯ ಕಡೆ ನೋಡಲು ಮನಸ್ಸಾಗುತ್ತಿಲ್ಲ.

ಮಂಗಳವಾರ ಆಗಿದ್ದು ಇಷ್ಟು. ರಾತ್ರಿ ಸೆಕೆಗೆ ಸರಿಯಾಗಿ ನಿದ್ದೆ ಇಲ್ಲ, ಬೆಳಿಗ್ಗೆ ಏಳಲು ಆಗುತ್ತಿಲ್ಲ ಅಂತ ಮಾರ್ಚ್ ಕೊನೆಯಿಂದ ಅಭ್ಯಾಸವನ್ನು ಸಂಜೆಗೆ ಹಾಕಿಕೊಂಡಿದ್ದೆ. ನನ್ನ ಕೋಣೆಯ ಗೋಡೆಗೆ ಮಧ್ಯಾಹ್ನವೆಲ್ಲ ಬಿಸಿಲು ಬಡಿಯುತ್ತದೆ. ಸಂಜೆ ಏಳಕ್ಕೂ ಕೈಯಿಟ್ಟರೆ ಬೆಚ್ಚಗೆ. ಏಳನೇ ಸುತ್ತಿನಲ್ಲಿ ಬಗ್ಗಿ ಮೇಲೆದ್ದೆ, ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಹಾಗೇ ಕೂತೆ. ವಾಚ್ ನೋಡಿದರೆ ಹೃದಯದ ಬಡಿತ 158. ಫೆಬ್ರವರಿಯಲ್ಲಿ ಅದೇ ಏಳನೇ ಸುತ್ತಿಗೆ 130 ದಾಟುತ್ತಿರಲಿಲ್ಲ. ಭಯ ಆಯಿತು. ಬುಧವಾರ ಮ್ಯಾಟ್ ಬಿಚ್ಚಲೇ ಇಲ್ಲ. ಗುರುವಾರ ಬಿಚ್ಚಿ ಮತ್ತೆ ಸುತ್ತಿಟ್ಟೆ.

ಇವತ್ತು ಯೋಗ ಕ್ಲಾಸಿಗೆ ಹೋಗಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದೆ. ಎಲ್ಲರೂ ಹೊರಟ ಮೇಲೆ ಮೇಡಂ ಕರೆದರು.

"ಏನಮ್ಮ, ಮುಖ ಯಾಕೆ ಹೀಗಿದೆ?"

ಎಲ್ಲ ಹೇಳಿಬಿಟ್ಟೆ. 98 ದಿನ ಅನ್ನುವಾಗ ಗಂಟಲು ಕಟ್ಟಿತು.

"ಫ್ಯಾನ್ ಹಾಕಿದ್ಯಾ?"

"ಇಲ್ಲ ಮೇಡಂ. ಚೆನ್ನಾಗಿ ಬೆವರಲಿ ಅಂತ ಆಫ್ ಮಾಡಿದ್ದೆ."

"ಕಿಟಕಿ?"

"ಸೊಳ್ಳೆ ಬರುತ್ತೆ ಅಂತ ಮುಚ್ಚಿದ್ದೆ."

ಅವರು ಬೈಯಲಿಲ್ಲ. ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. "ಬೆವರು ಸುರಿದರೆ ಮೈ ತಂಪಾಗಲ್ಲ ಕಣಮ್ಮ. ಆರಿದರೆ ತಂಪಾಗೋದು. ಗಾಳಿಯೇ ಆಡದ ಕೋಣೇಲಿ ಅದು ಹೇಗೆ ಆರಬೇಕು?"

ಆಮೇಲೆ ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ. ಸೆಕೆಯಲ್ಲಿ ವ್ಯಾಯಾಮ ಮಾಡುವಾಗ ಹೃದಯಕ್ಕೆ ಎರಡು ಕೆಲಸ. ಸ್ನಾಯುಗಳಿಗೂ ರಕ್ತ ಕಳಿಸಬೇಕು, ಒಳಗಿನ ಬಿಸಿ ಹೊರಗೆ ಹೋಗಲಿ ಅಂತ ಚರ್ಮಕ್ಕೂ ಕಳಿಸಬೇಕು. ಅದರ ಮೇಲೆ ಬೆವರಿನಲ್ಲಿ ನೀರು ಹೋಗಿ ಮೈಯಲ್ಲಿ ಓಡಾಡುವ ರಕ್ತವೂ ಕಮ್ಮಿಯಾಗುತ್ತದೆ. ಅಷ್ಟೇ ಕೆಲಸಕ್ಕೆ ಬಡಿತ ಏರುವುದು ಅದಕ್ಕೇ. ಅಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಥಟ್ಟನೆ ಎತ್ತಿದರೆ ಕಣ್ಣು ಕತ್ತಲೆ ಬರಬಹುದು. ಅಂದರೆ ಫೆಬ್ರವರಿಯ 12 ಸುತ್ತು ಮತ್ತು ಏಪ್ರಿಲ್‌ನ 12 ಸುತ್ತು ಮೈಗೆ ಒಂದೇ ಅಲ್ಲ. ಇದು ನನಗೆ ಹೊಳೆದೇ ಇರಲಿಲ್ಲ. ನಾನೇ ಸೋಮಾರಿ ಆಗುತ್ತಿದ್ದೇನೆ, ಮೈ ಸಡಿಲವಾಗುತ್ತಿದೆ ಅಂತ ಎರಡು ವಾರದಿಂದ ಒಳಗೊಳಗೇ ಬೈದುಕೊಂಡು ಇನ್ನೂ ಜಾಸ್ತಿ ಮಾಡುತ್ತಿದ್ದೆ.

ಮೈ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕಂತೆ. ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರೆ ಬೆವರು ಬೇಗ ಬರಲು ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಮ್ಮಿ ಹೋಗುತ್ತದೆ, ಬಡಿತವೂ ಇಳಿಯುತ್ತದೆ. ಪೂರ್ತಿ ನಿಲ್ಲಿಸಿ ಕೆಲವು ವಾರ ಕೂತರೆ ಒಗ್ಗಿದ್ದೂ ಹೋಗುತ್ತದೆ.

"ಅಭ್ಯಾಸ ಹೇಗಿರಬೇಕು ಅಂತ ಪತಂಜಲಿ ಮೂರು ಮಾತು ಹೇಳ್ತಾರೆ, ಗೊತ್ತಲ್ವಾ?" ಅಂದರು ಮೇಡಂ.

ಗೊತ್ತು. ಯೋಗಸೂತ್ರದ ಮೊದಲ ಪಾದ, 14ನೇ ಸೂತ್ರ. ದೀರ್ಘಕಾಲ, ನೈರಂತರ್ಯ, ಸತ್ಕಾರ. ಈ ಮೂರೂ ಇದ್ದರೆ ಅಭ್ಯಾಸ ಗಟ್ಟಿಯಾಗಿ ನೆಲೆ ನಿಲ್ಲುತ್ತದೆ ಅನ್ನುವ ಸೂತ್ರ. ಬಾಯಿಪಾಠ ಮಾಡಿದ್ದೇನೆ.

"ನೀನು ನೈರಂತರ್ಯ ಒಂದನ್ನೇ ಹಿಡ್ಕೊಂಡಿದ್ದೀಯ. ಸತ್ಕಾರ ಅಂದ್ರೆ ಏನು?"

"ಶ್ರದ್ಧೆ. ಆದರ."

"ಮನೆಗೆ ಬಂದವರಿಗೆ ಮಾಡ್ತೀವಲ್ಲ ಅತಿಥಿ ಸತ್ಕಾರ, ಅದೇ ಮಾತು ಕಣಮ್ಮ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೇಯೋ ಕೋಣೇಲಿ ಯಾರನ್ನಾದ್ರೂ ಕೂರಿಸ್ತೀವಾ?"

ನನಗೆ ಮಾತೇ ಹೊರಡಲಿಲ್ಲ. ಎಷ್ಟು ಸಲ ಹೇಳಿಕೊಂಡ ಸೂತ್ರ ಅದು. ಆ ಪದವನ್ನು ದಿನಾ ಬಳಸುತ್ತೇವೆ, ಆದರೂ ಅಲ್ಲಿ ಅದನ್ನು ಹಾಗೆ ನೋಡಿರಲೇ ಇಲ್ಲ. ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ತಿರುಗುತ್ತಿತ್ತು.

ಮೇಡಂ ಬರೆದುಕೊಟ್ಟಿರುವುದು: ಬೆಳಿಗ್ಗೆ 5.30, ಸೂರ್ಯ ಹುಟ್ಟುವ ಮುಂಚೆ, ದಿನದಲ್ಲಿ ಅದೇ ತಂಪು. ಕಿಟಕಿ ತೆಗೆದು, ಫ್ಯಾನ್ ಹಾಕಿ. ಎರಡು ವಾರ ಆರೇ ಸುತ್ತು, ನಿಧಾನಕ್ಕೆ. ಡಂಬೆಲ್ಸ್ ವಾರಕ್ಕೆ ಎರಡು ದಿನ ಸಾಕು. ತಿದಿಯ ಹಾಗೆ ಜೋರಾಗಿ ಉಸಿರಾಡುವ ಭಸ್ತ್ರಿಕಾ ಪ್ರಾಣಾಯಾಮ ಮಳೆ ಬರುವವರೆಗೆ ಬೇಡ. ಕೊನೆಗೆ ತಂಪಿನ ಪ್ರಾಣಾಯಾಮ ಶೀತಲಿ. ನನಗೆ ನಾಲಿಗೆ ಕೊಳವೆಯ ಹಾಗೆ ಮಡಚಲು ಬರುವುದಿಲ್ಲ, ಅದಕ್ಕೆ ಹಲ್ಲಿನ ಸಂದಿಯಿಂದ ಉಸಿರು ಎಳೆಯುವ ಶೀತ್ಕಾರಿ. ಶುರು ಮಾಡುವ ಮುಂಚೆ ಮತ್ತು ಮುಗಿದ ಮೇಲೆ ತೂಕ ನೋಡಬೇಕು. ಅರ್ಧ ಕಿಲೋ ಇಳಿದಿದ್ದರೆ ಹೋಗಿರುವುದು ಸುಮಾರು ಅರ್ಧ ಲೀಟರ್ ನೀರು. ಅದು ಕೊಬ್ಬು ಕರಗಿದ್ದಲ್ಲ. ಅಷ್ಟು ನೀರನ್ನು ನಿಧಾನವಾಗಿ ಕುಡಿದು ತುಂಬಿಸಿಕೊಳ್ಳಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ದಿನಕ್ಕೆ 25 ನಿಮಿಷ ಅಂದರೂ ಆರು ದಿನಕ್ಕೆ 150 ನಿಮಿಷ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ ಇಷ್ಟಾದರೂ ಬೇಕು ಅನ್ನುವುದೂ 150 ನಿಮಿಷವನ್ನೇ. ಲೆಕ್ಕ ಹಾಕಿ ನೋಡಿ ಸ್ವಲ್ಪ ಸಮಾಧಾನ ಆಯಿತು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ, 2010ರಲ್ಲಿ ಅಚ್ಚಾದ ಒಂದು ಅಧ್ಯಯನದ ಬಗ್ಗೆಯೂ ಓದಿದೆ. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲವಂತೆ. ಒಂದು ದಿನ ಅಂದಿದ್ದಾರೆ. ನನ್ನದು ನಾಲ್ಕು.

ನಿಜ ಹೇಳಬೇಕೆಂದರೆ ನನ್ನ ಭಯ ಆ ನಾಲ್ಕು ಮನೆಯದಲ್ಲ. ಅಪ್ಪನದು.

ಅಪ್ಪ ದಿನಾ ಐದು ಕಿಲೋಮೀಟರ್ ನಡೆಯುತ್ತಿದ್ದರು. ಎಂಟು ವರ್ಷದ ಹಿಂದೆ ಇಂಥದೇ ಬೇಸಿಗೆಯಲ್ಲಿ ನಿಲ್ಲಿಸಿದರು. "ಒಂದೆರಡು ಮಳೆ ಬೀಳಲಿ, ಆಮೇಲೆ ಹೋಗ್ತೀನಿ" ಅಂದಿದ್ದರು. ಮಳೆ ಬಂತು, ಕೆಸರು ಅಂದರು. ಚಳಿ ಬಂತು, ಮಂಜು ಅಂದರು. ಈಗ ಕುರ್ಚಿಯಿಂದ ಏಳಲು ಮೇಜು ಹಿಡಿಯಬೇಕು. ಪ್ರತಿ ಸಲ ಅವರ ಕೈ ಮೇಜು ಹುಡುಕುವುದನ್ನು ನೋಡುತ್ತೇನೆ.

ಸಂಜೆ ಕರೆಂಟ್ ಹೋದಾಗ ಇಬ್ಬರೂ ಹೊರಗೆ ಕತ್ತಲಲ್ಲಿ ಕೂತಿದ್ದೆವು. ಮೇಡಂ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಆರು ಸುತ್ತು ಅಂದಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ಹೇಳಿದರು: "ನಾನು ಬಿಟ್ಟಿದ್ದು ಬಿಸಿಲಿಗಲ್ಲ ಮಗಾ. ಜೂನ್‌ನಲ್ಲಿ ಒಂದು ದಿನ ಹೋಗಿದ್ದೆ. ನೀನಿನ್ನೂ ಎದ್ದಿರಲಿಲ್ಲ. ಅರ್ಧ ದಾರಿಗೇ ಏದುಸಿರು ಬಂತು. ಮುಂಚೆ ಜೊತೆಗೆ ಬರ್ತಿದ್ದವರೆಲ್ಲ ಮುಂದೆ ಹೋದರು. ನಾಚಿಕೆ ಆಯ್ತು. ವಾಪಸ್ ಬಂದು ಶೂ ಬಿಚ್ಚಿಟ್ಟೆ."

ಎಂಟು ವರ್ಷ. ಅವರು ಒಮ್ಮೆ ಮತ್ತೆ ಹೋಗಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೆಸರು, ಮಂಜು ಅಂದಾಗೆಲ್ಲ ಮನಸ್ಸಿಲ್ಲದೆ ಹೇಳುತ್ತಿದ್ದಾರೆ ಅಂದುಕೊಂಡು ನಾನು ಒಂದೆರಡು ಸಲ ಜೋರಾಗಿಯೂ ಮಾತಾಡಿದ್ದೇನೆ. ಅರ್ಧ ದಾರಿ ಅಂದರೆ ಎರಡೂವರೆ ಕಿಲೋಮೀಟರ್ ಅಪ್ಪಾ, ಅದು ಎಷ್ಟೊಂದು ಆಯಿತಲ್ಲ ಅಂತ ಅವತ್ತು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕರೆಂಟ್ ಬಂದ ಮೇಲೆ ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತರು. "ನಾಳೆ ಎಷ್ಟು ಗಂಟೆಗೆ ಏಳ್ತೀಯ?"

"ಐದು ಕಾಲಿಗೆ."

"ನನ್ನನ್ನೂ ಎಬ್ಬಿಸು."

ಯಾಕೆ ಅಂತ ಕೇಳಲಿಲ್ಲ. ಮ್ಯಾಟ್ ಕಿಟಕಿ ಪಕ್ಕ ಹಾಸಿ ಬಂದಿದ್ದೇನೆ. ಅವರ ಶೂ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇದ್ದ ನೆನಪು. ಸೋಲ್ ಕಿತ್ತುಬಂದಿರಬಹುದು, ಅಷ್ಟು ವರ್ಷ ಆಯಿತು. ಈಗಲೇ ಎದ್ದು ನೋಡಲಾ, ಅವರಿಗೆ ನಿದ್ದೆ ಹತ್ತಿರಬಹುದು, ಪೆಟ್ಟಿಗೆ ಎಳೆದರೆ ಸದ್ದಾಗಿ