ಗ್ರಹ ಅವರದ್ದು, ಬ್ರಾಂಚ್ ಆಫೀಸ್ ನಮ್ಮದು

ಸ್ಟೆಲ್ಲಾರಿಸ್ ಅನ್ನೋ ಕಂಪ್ಯೂಟರ್ ಆಟಕ್ಕೆ ಯಾವ ಡಿಎಲ್‌ಸಿ (ಆಟಕ್ಕೆ ದುಡ್ಡು ಕೊಟ್ಟು ಸೇರಿಸಿಕೊಳ್ಳೋ ಹೆಚ್ಚುವರಿ ಭಾಗ) ಮೊದಲು ತಗೋಬೇಕು ಅಂತ ಯಾರನ್ನೇ ಕೇಳಿ, ಜಾಸ್ತಿ ಜನ ಯುಟೋಪಿಯಾ ಅಂತಾರೆ. ತಪ್ಪೇನಿಲ್ಲ. ಸೂರ್ಯನ ಸುತ್ತ ಅದರ ಶಕ್ತಿ ಹಿಡಿಯೋ ಡೈಸನ್ ಸ್ಪಿಯರ್ ಅನ್ನೋ ಗೋಳ ಕಟ್ಟೋದು ಯಾರಿಗೆ ಬೇಡ? ಆದರೆ ನನ್ನ ಓಟು ಮೆಗಾಕಾರ್ಪ್‌ಗೆ. ಬಂದಿದ್ದು 2018ರ ಡಿಸೆಂಬರ್ 6ಕ್ಕೆ. ಆಮೇಲೆ ಎಷ್ಟೋ ಡಿಎಲ್‌ಸಿ ಬಂದವು, ಹೋದವು. ನಾನು ಹೊಸ ಆಟ ಶುರು ಮಾಡುವಾಗ ಇವತ್ತಿಗೂ ಮೌಸ್ ತಾನಾಗೇ ಕಾರ್ಪೊರೇಟ್ ಅನ್ನೋ ಸರ್ಕಾರದ ಮೇಲೆ ಹೋಗಿ ನಿಲ್ಲುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೆಲ್ಲಾರಿಸ್ ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯವರ ಆಟ. ಬಂದಿದ್ದು 2016ರ ಮೇ ತಿಂಗಳಲ್ಲಿ. ಆಟದೊಳಗಿನ ಕ್ಯಾಲೆಂಡರ್ 2200ನೇ ಇಸವಿಯಿಂದ ಶುರು. ನಿಮ್ಮದು ಒಂದು ಗ್ರಹ, ಕೈಲೊಂದು ಸೈನ್ಸ್ ಹಡಗು, ಸುತ್ತ ನೂರಾರು ನಕ್ಷತ್ರ. ಅಲ್ಲಿಂದ ಸಾಮ್ರಾಜ್ಯ ಕಟ್ಟಬೇಕು. ಟರ್ನ್ ಅಂತ ಇಲ್ಲ, ಗಡಿಯಾರ ಓಡ್ತಾನೇ ಇರುತ್ತೆ, ಬೇಕಾದಾಗ ನಿಲ್ಲಿಸಬಹುದು. ಇದು ನನಗೆ ತುಂಬಾ ಅನುಕೂಲ. ಒಲೆ ಮೇಲೆ ಹಾಲಿಟ್ಟು ಬೇಕಾದರೂ ಆಡಬಹುದು.

ಮೆಗಾಕಾರ್ಪ್ ಬರೋಕೆ ಮುಂಚೆ ಈ ಆಟದಲ್ಲಿ ಶ್ರೀಮಂತರಾಗೋದು ಅಂದ್ರೆ ಜಾಗ ಹಿಡಿಯೋದು ಅಂತಲೇ ಅರ್ಥ. ಜಾಸ್ತಿ ನಕ್ಷತ್ರ, ಜಾಸ್ತಿ ಗಣಿ, ಜಾಸ್ತಿ ಹಡಗು. ಮ್ಯಾಪ್ ತುಂಬ ನಿಮ್ಮ ಬಣ್ಣ ಬಳಿಯೋದು. ನನ್ನ ತಮ್ಮ ಇವತ್ತಿಗೂ ಹಾಗೇ ಆಡ್ತಾನೆ. ನನಗೆ ಅದು ಬೇಗ ಬೇಜಾರಾಗುತ್ತೆ. ಹುಬ್ಬಳ್ಳಿಯಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಒಬ್ಬರ ಹತ್ತಿರ ಲೆಕ್ಕ ಬರೆಯೋ ಕೆಲಸ ನನ್ನದು. ಪ್ರತಿ ತಿಂಗಳು 20ನೇ ತಾರೀಖು ಜಿಎಸ್‌ಟಿಯ 3ಬಿ ರಿಟರ್ನ್ ಫೈಲ್ ಮಾಡಿ ಮುಗಿಸೋವರೆಗೆ ಮನೆಯವರು ನನ್ನ ಮುಖ ನೋಡಿ ಮಾತಾಡಲ್ಲ. ಅಂಥವಳಿಗೆ ಮನರಂಜನೆಗೂ ಲೆಕ್ಕವೇ ಬೇಕಾ ಅಂತ ಅಮ್ಮ ಕೇಳ್ತಾರೆ. ಬೇಕು. ಇದು ನಮ್ಮ ಲೆಕ್ಕ ಅಮ್ಮಾ, ಕ್ಲೈಂಟ್ ಲೆಕ್ಕ ಅಲ್ಲ.

ಮೆಗಾಕಾರ್ಪ್‌ನಲ್ಲಿ ನೀವು ರಾಜ ಅಲ್ಲ, ಕಂಪನಿ. ಕಂಪನಿಗಳಿಗೆ ಸಾಮ್ರಾಜ್ಯ ಬೆಳೆದಂತೆಲ್ಲ ಬೀಳುವ ದಂಡ ಉಳಿದವರಿಗಿಂತ ಜಾಸ್ತಿ, ಹಾಗಾಗಿ ಸಿಕ್ಕಸಿಕ್ಕ ಗ್ರಹ ಹಿಡಿಯೋ ಹಾಗಿಲ್ಲ. ಬದಲಿಗೆ ಪಕ್ಕದವರ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡು ಅವರ ಗ್ರಹಗಳ ಮೇಲೆ ಬ್ರಾಂಚ್ ಆಫೀಸ್ ತೆರೆಯಬೇಕು. ಆ ಗ್ರಹದಲ್ಲಿ ಎಷ್ಟು ವ್ಯಾಪಾರ ನಡೆಯುತ್ತೋ ಅದರಲ್ಲಿ ಒಂದು ಪಾಲು ಪ್ರತಿ ತಿಂಗಳು ನಿಮ್ಮ ಖಾತೆಗೆ. ಎಪಿಎಂಸಿ ದಲಾಲರ ಹಾಗೆ. ಹೊಲ ಯಾರದ್ದೋ, ಬೆಳೆ ಯಾರದ್ದೋ, ಕಮಿಷನ್ ಮಾತ್ರ ನಮ್ಮದು.

ಒಂದು ಆಟದ ಕತೆ ಹೇಳ್ತೀನಿ. ನನ್ನ ಪಕ್ಕದಲ್ಲಿ ಅಣಬೆ ಜಾತಿಯ ಒಂದು ಸಾಮ್ರಾಜ್ಯ ಇತ್ತು. ಮಹಾ ಜಗಳಗಂಟರು. ಹಳೆಯ ರೀತಿಯಲ್ಲಿ ಆಡ್ತಿದ್ದರೆ ನಾನು ಮೊದಲು ಮಾಡ್ತಿದ್ದ ಕೆಲಸ ಅಂದ್ರೆ ಇವರನ್ನು ಮುಗಿಸೋದು. ಈಗ ಹಾಗಲ್ಲ. ರಾಯಭಾರ ಕಳಿಸಿ, ಸ್ವಲ್ಪ ಖನಿಜ ಉಡುಗೊರೆ ಕೊಟ್ಟು, ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡೆ. ಆಮೇಲೆ ಅವರ ಗ್ರಹಗಳನ್ನು ಒಂದೊಂದಾಗಿ ತೆರೆದು ಯಾವುದರಲ್ಲಿ ವ್ಯಾಪಾರ ಜಾಸ್ತಿ ಅಂತ ನೋಡಿದೆ. ರಾಜಧಾನಿಯಲ್ಲೇ ಮೊದಲ ಆಫೀಸ್. ಆಫೀಸ್ ತೆರೆಯೋಕೆ ಎನರ್ಜಿ ಅನ್ನೋ ಸಂಪನ್ಮೂಲ ಬೇಕು, ಇನ್‌ಫ್ಲುಯೆನ್ಸ್ (ಪ್ರಭಾವ) ಕೂಡ ಬೇಕು. ಎನರ್ಜಿ ಹೇಗಾದರೂ ಹುಟ್ಟುತ್ತೆ. ಇನ್‌ಫ್ಲುಯೆನ್ಸ್ ಮಾತ್ರ ಹನಿ ಹನಿಯಾಗಿ ಬರುತ್ತೆ, ಹಾಗಾಗಿ ಎಲ್ಲಿ ತೆರೆಯೋದು ಅನ್ನೋದೇ ನಿಜವಾದ ಯೋಚನೆ.

ಆಫೀಸ್ ಆದ ಮೇಲೆ ಅದರೊಳಗೆ ಕಟ್ಟಡ. ಫಾಸ್ಟ್ ಫುಡ್ ಚೈನ್ ಹಾಕಬಹುದು, ಅಮ್ಯೂಸ್‌ಮೆಂಟ್ ಪಾರ್ಕ್ ಹಾಕಬಹುದು, ಖಾಸಗಿ ಗಣಿ ಕಂಪನಿ ಹಾಕಬಹುದು. ಇದರಲ್ಲಿ ಅಲ್ಲಿನ ಜನಕ್ಕೂ ಲಾಭ ಇದೆ, ನಮಗೂ ಇದೆ. ಆ ಗ್ರಹ ದೊಡ್ಡದಾದಂತೆ ಇನ್ನೊಂದು ಕಟ್ಟಡಕ್ಕೆ ಜಾಗ ಸಿಗುತ್ತೆ.

ಮಜಾ ಶುರುವಾಗಿದ್ದು ಇಲ್ಲಿ. ಅಣಬೆಗಳು ಉದ್ಧಾರ ಆದರೆ ನಾನೂ ಉದ್ಧಾರ. ಅವರಲ್ಲಿ ಜನ ಹೆಚ್ಚಾದರೆ ನನ್ನ ಕಮಿಷನ್ ಹೆಚ್ಚು. ನಾನು ದಿನಾ ಅವರ ಗ್ರಹಗಳ ಮೇಲೆ ಕಣ್ಣಾಡಿಸೋಕೆ ಶುರು ಮಾಡಿದೆ. ಊಟ ಸಾಕಾಗ್ತಿದೆಯಾ? ಜನ ಖುಷಿಯಾಗಿದ್ದಾರಾ? ಯಾಕ್ರಪ್ಪಾ ಇಷ್ಟು ಒಳ್ಳೆ ಗ್ರಹದಲ್ಲಿ ಒಂದೂ ಸಿಟಿ ಡಿಸ್ಟ್ರಿಕ್ಟ್, ಅಂದ್ರೆ ಪಟ್ಟಣದ ಬಡಾವಣೆ, ಕಟ್ಟಿಲ್ಲ? ಅಷ್ಟರಲ್ಲಿ ಅವರ ಆ ಕಡೆಯ ಗಡಿಗೆ ರೋಬೋಟ್‌ಗಳು ಬಂದವು. ಜೀವ ಇರೋದನ್ನೆಲ್ಲ ಅಳಿಸಿ ಹಾಕೋದೇ ಧರ್ಮ ಅಂತ ನಂಬಿರೋ ಜಾತಿ ಅದು, ಸಿಂಥೆಟಿಕ್ ಡಾನ್ ಅನ್ನೋ ಇನ್ನೊಂದು ಡಿಎಲ್‌ಸಿಯ ಕೊಡುಗೆ. ಅವರು ಗ್ರಹ ಗೆದ್ದರೆ ಅಲ್ಲಿ ಗಿರಾಕಿಯೇ ಉಳಿಯಲ್ಲ. ಆ ಕಡೆಯ ಮೂಲೆಯ ಗ್ರಹ ಕೈ ಬದಲಾಯಿತು, ನನ್ನ ಆಫೀಸ್ ಹೋಯಿತು, ಮುಂದಿನ ತಿಂಗಳ ಲೆಕ್ಕದಲ್ಲಿ ಆ ಸಾಲೇ ಇಲ್ಲ. ಆ ಸಿಟ್ಟಿಗೆ ನನ್ನ ಹಡಗುಪಡೆಯನ್ನೆಲ್ಲ ಎತ್ತಿಕೊಂಡು ಹೋಗಿ ಅಣಬೆಗಳ ಪರವಾಗಿ ಯುದ್ಧ ಮಾಡಿದೆ. ಒಂದಿಂಚು ಜಾಗ ಕೇಳಲಿಲ್ಲ. ತಮ್ಮ ಹಿಂದೆ ನಿಂತು ನೋಡ್ತಿದ್ದವನು, "ಏನಕ್ಕಾ, ಧರ್ಮಾರ್ಥ ಯುದ್ಧ ಮಾಡಾಕತ್ತೀ?" ಅಂದ. ಧರ್ಮಾರ್ಥ ಎಲ್ಲಿಂದ ಬಂತು!

ಬೇರೆ ಯಾವ ಡಿಎಲ್‌ಸಿಯೂ ನನ್ನಿಂದ ಇದನ್ನು ಮಾಡಿಸಿಲ್ಲ. ಸ್ನೇಹ ಮಾಡಿಕೊಳ್ಳೋಕೆ ಬೇರೆ ಆಟಗಳಲ್ಲೂ ದಾರಿ ಇದೆ. ಆದರೆ ಪಕ್ಕದವನ ಮನೆ ಚೆನ್ನಾಗಿರಲಿ ಅಂತ ಸ್ವಾರ್ಥಕ್ಕೇ ಬೇಡಿಕೊಳ್ಳೋ ಹಾಗೆ ಮಾಡೋದು ಸುಮ್ನೆ ಮಾತಲ್ಲ.

ಇದಕ್ಕೆ ಒಂದು ಉಲ್ಟಾ ಮುಖವೂ ಇದೆ. ಕಂಪನಿ ಮಾಡುವಾಗ ಕ್ರಿಮಿನಲ್ ಹೆರಿಟೇಜ್ ಅನ್ನೋ ಸಿವಿಕ್ (ಸರ್ಕಾರದ ಸ್ವಭಾವ) ಆರಿಸಿಕೊಂಡರೆ ನೀವು ಭೂಗತ ದಂಧೆಯ ಕಂಪನಿ. ಒಪ್ಪಂದ ಗಿಪ್ಪಂದ ಏನೂ ಬೇಡ. ಯಾರನ್ನೂ ಕೇಳದೆ ಅವರ ಗ್ರಹದಲ್ಲಿ ಆಫೀಸ್ ತೆರೆಯಬಹುದು. ಕಳ್ಳಸಾಗಣೆಯ ಬಂದರು, ಗುಟ್ಟಿನ ಕ್ಲಬ್ಬು, ಕಳ್ಳ ಗಣಿ, ಎಲ್ಲ ಇದೆ. ಇವೆಲ್ಲ ಆ ಗ್ರಹದಲ್ಲಿ ಅಪರಾಧ ಏರಿಸ್ತಾ ಹೋಗುತ್ತವೆ. ಆ ಮನೆಯವನು ಠಾಣೆ ಕಟ್ಟಿ, ಜನರನ್ನು ಪೊಲೀಸ್ ಕೆಲಸಕ್ಕೆ ಹಚ್ಚಿ, ಅಪರಾಧ ಇಳಿಸಿದರೆ ನಿಮ್ಮ ಆಫೀಸಿಗೆ ಕುತ್ತು. ಇಲ್ಲವಾದರೆ ಯುದ್ಧ ಸಾರಿ, ಗೆದ್ದು, ಅಷ್ಟೂ ಆಫೀಸ್ ಮುಚ್ಚಿಸಬೇಕು. ಅದಕ್ಕಂತಲೇ ಒಂದು ಯುದ್ಧದ ಗುರಿ ಇಟ್ಟಿದ್ದಾರೆ.

ತಮ್ಮನ ಜೊತೆ ಆಡಿದಾಗ ಇದನ್ನು ಹಾಕಿದ್ದೆ. ಮಲ್ಟಿಪ್ಲೇಯರ್‌ನಲ್ಲಿ ಹೋಸ್ಟ್, ಅಂದ್ರೆ ಆಟ ಶುರು ಮಾಡಿ ಉಳಿದವರನ್ನು ಕರೆದವರ ಹತ್ತಿರ ಡಿಎಲ್‌ಸಿ ಇದ್ದರೆ ಸಾಕು, ಸೇರಿಕೊಂಡ ಎಲ್ಲರಿಗೂ ಅದು ಸಿಗುತ್ತೆ. ಹಾಗಾಗಿ ಅವನು ಮೆಗಾಕಾರ್ಪ್ ಕೊಂಡಿರಲಿಲ್ಲ, ಅದರಲ್ಲಿ ಏನಿದೆ ಅಂತ ಓದಿಯೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದ ರೂಮಿನಿಂದ ಕೂಗಿದ.

"ಅಕ್ಕಾ, ನನ್ನ ಗ್ರಹದಾಗ ಕ್ರೈಮ್ ಯಾಕ ಏರಾಕತ್ತೈತಿ?"

"ನನಗೇನ ಗೊತ್ತಪಾ, ನಿನ್ನ ಪೊಲೀಸ್ರನ್ನ ಕೇಳು."

ಪೊಲೀಸರನ್ನು ಕೇಳಿದ. ಅಂದ್ರೆ ಠಾಣೆ ಕಟ್ಟಿದ. ಕಾರ್ಖಾನೆಯಲ್ಲಿ ಅಲಾಯ್, ಅಂದ್ರೆ ಹಡಗಿಗೆ ಬೇಕಾದ ಮಿಶ್ರಲೋಹ, ಮಾಡಬೇಕಿದ್ದ ಜನ ಹೋಗಿ ಪೊಲೀಸರಾದರು, ಅಲಾಯ್ ಕಡಿಮೆಯಾಯಿತು, ಹಡಗು ಕಡಿಮೆಯಾಯಿತು. ನಾನು ಒಂದು ಗುಂಡೂ ಹಾರಿಸಿರಲಿಲ್ಲ. ಕಂಪ್ಯೂಟರೇ ಆಡಿಸೋ ಭೂಗತ ಕಂಪನಿ ನಿಮ್ಮ ಪಕ್ಕ ಹುಟ್ಟಿದಾಗ ಮಾತ್ರ ಇದೇ ಸಂಗತಿ ತಲೆನೋವು. ಬೇಡ ಅನ್ನೋಕೆ ಒಂದು ಬಟನ್ ಕೂಡ ಇಲ್ಲ. ಆಗ ಬರೋ ಸಿಟ್ಟು ನ್ಯಾಯವಾದದ್ದೇ.

ಡಿಎಲ್‌ಸಿ ಬಂದ ದಿನವೇ 2.2 ಅನ್ನೋ ಉಚಿತ ಅಪ್‌ಡೇಟೂ ಬಂತು. ಆಟದ ಹೊಟ್ಟೆಯನ್ನೇ ಬದಲಾಯಿಸಿದ್ದು ಅದು. ಮೊದಲು ಗ್ರಹ ಅಂದ್ರೆ ಚೌಕ ಚೌಕ ಟೈಲ್, ಜಾಸ್ತಿ ಅಂದ್ರೆ 25. ಒಂದು ಟೈಲ್‌ಗೆ ಒಂದು ಕಟ್ಟಡ, ಅದರ ಮೇಲೆ ಒಂದು ಪಾಪ್, ಅಂದ್ರೆ ಜನರ ಒಂದು ಗುಂಪು. 2.2ರಲ್ಲಿ ಟೈಲ್ ಪೂರ್ತಿ ಕಿತ್ತು ಹಾಕಿ ಡಿಸ್ಟ್ರಿಕ್ಟ್ ತಂದರು, ಪ್ರತಿ ಪಾಪ್‌ಗೂ ಒಂದು ಉದ್ಯೋಗ ತಂದರು. ಆಳುವವರು, ಪರಿಣತರು, ಕೂಲಿಯವರು ಅಂತ ಮೂರು ಮೆಟ್ಟಿಲು. ಖನಿಜದಿಂದ ಅಲಾಯ್, ಅಲಾಯ್‌ನಿಂದ ಹಡಗು. ಖನಿಜದಿಂದಲೇ ಕನ್ಸ್ಯೂಮರ್ ಗೂಡ್ಸ್ ಕೂಡ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತೆ. ನನಗಿದು ಹಬ್ಬ.

ಆ ಉದ್ಯೋಗಗಳಲ್ಲಿ ಕ್ಲರ್ಕ್ ಅಂತ ಒಂದಿದೆ. ಸ್ವಲ್ಪ ವ್ಯಾಪಾರ ಮೌಲ್ಯ, ಸ್ವಲ್ಪ ಸೌಕರ್ಯ, ಅಷ್ಟೇ ಅವರ ಕೊಡುಗೆ. ಆಡುವವರೆಲ್ಲ ಈ ಕ್ಲರ್ಕ್‌ಗಳನ್ನು ಬೈಯ್ಯೋರೇ. ಕೆಲಸಕ್ಕೆ ಬಾರದವರು, ಆ ಉದ್ಯೋಗವನ್ನೇ ಬಂದ್ ಮಾಡಿ, ಗಣಿಗೆ ಕಳಿಸಿ ಅಂತ ಉಪದೇಶ. ನಾನು ಕಳಿಸಲ್ಲ. ದಿನಕ್ಕೆ ಒಂಬತ್ತು ತಾಸು ವೋಚರ್ ನೋಡೋಳು ನಾನು, ನನ್ನ ಸಾಮ್ರಾಜ್ಯದಲ್ಲಿ ಕ್ಲರ್ಕ್‌ಗಳನ್ನು ಗಣಿಗೆ ಕಳಿಸೋದಾ?

ಸ್ಟೆಲ್ಲಾರಿಸ್‌ನ ದೊಡ್ಡ ಅಪ್‌ಡೇಟ್‌ಗಳಿಗೆ ವೈಜ್ಞಾನಿಕ ಕತೆ ಬರೆದವರ ಹೆಸರಿಡೋ ರೂಢಿ ಇತ್ತು. 2.2ಕ್ಕೆ ಇಟ್ಟಿದ್ದು ಲೆ ಗುಯಿನ್ ಅಂತ. ಅರ್ಸುಲಾ ಲೆ ಗುಯಿನ್ ತೀರಿಕೊಂಡಿದ್ದು ಅದೇ ವರ್ಷ ಜನವರಿಯಲ್ಲಿ, ಗೌರವಕ್ಕೆ ಇಟ್ಟಿರಬೇಕು. ಆದರೆ ನೋಡಿ, ಖಾಸಗಿ ಆಸ್ತಿಯೇ ಇಲ್ಲದ ಸಮಾಜ ಹೇಗಿರಬಹುದು ಅಂತ ಕಲ್ಪಿಸಿ ಬರೆದ ಹೆಂಗಸು ಆಕೆ. ಆಕೆಯ ಹೆಸರಿನ ಅಪ್‌ಡೇಟ್‌ನಲ್ಲಿ ಬಂದಿದ್ದು ಗ್ಯಾಲಕ್ಸಿಗೆಲ್ಲ ಒಂದೇ ಮಾರುಕಟ್ಟೆ! ಅದರ ಜೊತೆಗೇ ಬಂದ ಡಿಎಲ್‌ಸಿಯಲ್ಲಿ ಗುಲಾಮರ ಸಂತೆಯೂ ಇದೆ. ಅಲ್ಲಿ ಕೊಂಡವರನ್ನು ಬಿಡುಗಡೆ ಮಾಡೋ ಅವಕಾಶ ಇದೆ. ನಾನು ಮಾಡೋದು ಅದನ್ನೇ, ಪುಣ್ಯ ಅಂತ ಮಾತ್ರ ಅಲ್ಲ. ಹೊಸ ಗ್ರಹಕ್ಕೆ ಜನ ಬೇಕಿರುತ್ತೆ.

ಈ ಉದ್ಯೋಗದ ಲೆಕ್ಕಕ್ಕೆ ಒಂದು ಬೆಲೆ ಇತ್ತು, ಅದನ್ನು ಕಟ್ಟಿದ್ದು ನಮ್ಮ ಕಂಪ್ಯೂಟರ್‌ಗಳು. ಪ್ರತಿ ಪಾಪ್‌ಗೂ ಯಾವ ಉದ್ಯೋಗ ಸರಿ ಅಂತ ಆಟ ಮತ್ತೆ ಮತ್ತೆ ನೋಡ್ತಾನೇ ಇರಬೇಕು. ಗ್ಯಾಲಕ್ಸಿಯಲ್ಲಿ ಪಾಪ್‌ಗಳು ಸಾವಿರಾರು ಆದ ಮೇಲೆ ಕೇಳಬೇಕಾ? ನನ್ನ ಹಳೆ ಡೆಸ್ಕ್‌ಟಾಪ್‌ನಲ್ಲಿ 2400ನೇ ಇಸವಿ ದಾಟಿದರೆ ತಾರೀಖು ಮುಂದಕ್ಕೇ ಹೋಗ್ತಿರಲಿಲ್ಲ. ಆಟದೊಳಗೆ ಒಂದು ವರ್ಷ ಸರಿಯೋದರಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪು ಬಿಡಿಸಿ ಮುಗಿಸ್ತಿದ್ದೆ. ಇದು ನನ್ನೊಬ್ಬಳ ಗೋಳಲ್ಲ, ಆಗ ಎಲ್ಲ ಕಡೆ ಇದೇ ದೂರು. 2021ರ 3.0 ಅಪ್‌ಡೇಟ್‌ನಲ್ಲಿ ಜನಸಂಖ್ಯೆ ಬೆಳೆಯೋ ವೇಗಕ್ಕೇ ಕಡಿವಾಣ ಹಾಕಿದರು. ಆಗ ಸ್ವಲ್ಪ ಉಸಿರಾಡಿತು.

ಉಳಿದದ್ದನ್ನು ಬೇಗ ಹೇಳಿಬಿಡ್ತೀನಿ. ಮ್ಯಾಟರ್ ಡಿಕಂಪ್ರೆಸರ್ ಕಪ್ಪು ಕುಳಿಯಿಂದ ಖನಿಜ ಎಳೆಯುತ್ತೆ, ಕಟ್ಟಿಸೋ ಹೊತ್ತಿಗೆ ಆಟ ಮುಗಿಯೋಕೆ ಬಂದಿರುತ್ತೆ. ಎಕ್ಯುಮೆನೊಪೊಲಿಸ್ ಅಂದ್ರೆ ಇಡೀ ಗ್ರಹವೇ ಒಂದು ಪಟ್ಟಣ. ಹೊಲ, ಗಣಿ ಎಲ್ಲ ತೆಗೆದು ಸಿಟಿ ಡಿಸ್ಟ್ರಿಕ್ಟ್ ತುಂಬಿಸಿ, ರಾಶಿ ಖನಿಜ ಸುರಿದು, ವರ್ಷಗಟ್ಟಲೆ ಕಾಯಬೇಕು. ಆಮೇಲೆ ಅಲಾಯ್ ಹೊಳೆ ಹರಿಯುತ್ತೆ. ಮ್ಯಾಪ್‌ನಲ್ಲಿ ಆ ಗ್ರಹ ರಾತ್ರಿ ಹೊತ್ತಿನ ಪಟ್ಟಣದಂತೆ ಮಿನುಗೋದು ಚೆಂದ, ಬೇಡ ಅನ್ನಲ್ಲ. ಇನ್ನು ಕ್ಯಾರವನೀರ್ ಅನ್ನೋ ಅಲೆಮಾರಿ ವ್ಯಾಪಾರಿಗಳು. ಹಡಗಿನ ದಂಡು ಕಟ್ಟಿಕೊಂಡು ಸಾಮ್ರಾಜ್ಯದಿಂದ ಸಾಮ್ರಾಜ್ಯಕ್ಕೆ ತಿರುಗ್ತಾ, ಯಾವಾಗಲೋ ಬಂದು ಡೀಲ್ ಮುಂದಿಡ್ತಾರೆ. ಕೆಲವು ಲಾಭ, ಕೆಲವು ಪಕ್ಕಾ ಟೋಪಿ. ಅವರ ಹತ್ತಿರ ಜೂಜಿನ ಯಂತ್ರವೂ ಇದೆ, ಒಳಗೇನಿದೆ ಅಂತ ಹೇಳದೆ ಮಾರೋ ಪೆಟ್ಟಿಗೆಯೂ ಇದೆ. 2018ರಲ್ಲೇ ಬೆಲ್ಜಿಯಂ ದೇಶ ಗೇಮ್‌ಗಳಲ್ಲಿನ ಇಂಥ ಲೂಟ್ ಬಾಕ್ಸ್‌ಗಳನ್ನು ಜೂಜು ಅಂತ ಹೇಳಿ ನಿಷೇಧಿಸಿತ್ತು. ಇಲ್ಲಿ ಹೋಗೋದು ಆಟದೊಳಗಿನ ದುಡ್ಡು ಮಾತ್ರ, ಅಣಕ ಮಾಡೋಕಂತಲೇ ಇಟ್ಟ ಹಾಗಿದೆ. ನಾನು ಕೊಳ್ಳಲ್ಲ. ತಮ್ಮ ಮಾತ್ರ ಅವರು ಬಂದಾಗಲೆಲ್ಲ ಕೊಳ್ತಾನೆ.

2025ರ ಮೇನಲ್ಲಿ ಬಂದ 4.0 ಅಪ್‌ಡೇಟ್ ಮತ್ತೆ ಎಲ್ಲ ಬುಡಮೇಲು ಮಾಡಿತು. ಒಂದು ಸ್ಟಾರ್‌ಬೇಸ್‌ನಿಂದ (ಬಾಹ್ಯಾಕಾಶದ ಠಾಣೆ) ಇನ್ನೊಂದಕ್ಕೆ ವ್ಯಾಪಾರದ ದಾರಿ ಎಳೆದು, ದಾರಿಯಲ್ಲಿ ಹುಟ್ಟೋ ಕಡಲ್ಗಳ್ಳರನ್ನು ಓಡಿಸೋಕೆ ಕಾವಲು ಹಡಗು ತಿರುಗಿಸ್ತಿದ್ದೆವಲ್ಲ, ಅದು ಪೂರ್ತಿ ಹೋಯಿತು. ಈಗ ಟ್ರೇಡ್ ಅನ್ನೋದು ಎನರ್ಜಿ, ಖನಿಜದ ಹಾಗೆ ಒಂದು ಸಂಪನ್ಮೂಲ. ಮಾರುಕಟ್ಟೆಯಲ್ಲಿ ಕೊಳ್ಳೋದೂ ಅದರಲ್ಲೇ. ಜಾಸ್ತಿ ಜನ ಪೀಡೆ ತೊಲಗಿತು ಅಂದರು. ನನಗೆ ಆ ಕಾವಲು ಹಡಗುಗಳು ಇಷ್ಟ ಇದ್ದವು. ವ್ಯಾಪಾರ ಅಂದ ಮೇಲೆ ದಾರಿ ಬೇಡ್ವಾ? ಆದರೆ ಬ್ರಾಂಚ್ ಆಫೀಸ್ ಉಳಿಯಿತು, ಅಷ್ಟು ಸಾಕು.

ಕೊಳ್ಳೋ ಯೋಚನೆ ಇದ್ದರೆ ಪೂರ್ತಿ ಬೆಲೆಗೆ ಕೊಳ್ಳಬೇಡಿ. ಹಳೆಯ ಡಿಎಲ್‌ಸಿ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ಗೆ ಕಾಯಿರಿ. ಯುದ್ಧ ಮಾತ್ರ ಇಷ್ಟಪಡೋರಾದರೆ ಕೊಳ್ಳಲೇಬೇಡಿ, ಅಪೊಕ್ಯಾಲಿಪ್ಸ್ ತಗೊಳ್ಳಿ, ಗ್ರಹ ಒಡೆಯೋ ಹಡಗು ಸಿಗುತ್ತೆ.

ಈ ಶನಿವಾರ ಮತ್ತೆ ತಮ್ಮನ ಜೊತೆ ಆಟ ಇದೆ. ಈ ಸಲ ಅವನು ಓದಿಕೊಂಡು ಬಂದಿದ್ದಾನೆ. ಹೈವ್ ಮೈಂಡ್ ಆರಿಸಿಕೊಂಡಿದ್ದಾನೆ, ಅಂದ್ರೆ ಇಡೀ ಜನಾಂಗಕ್ಕೆ ಒಂದೇ ಮನಸ್ಸು. ಅಲ್ಲಿ ಅಂಗಡಿಯೂ ಇಲ್ಲ, ಗಿರಾಕಿಯೂ ಇಲ್ಲ, ಬ್ರಾಂಚ್ ಆಫೀಸ್ ತೆರೆಯೋಕೆ ಆಗೋದೇ ಇಲ್ಲ. "ಈಗ ಏನ್ ಮಾಡ್ತೀ ಮಾಡು" ಅಂತ ಮೀಸೆ ತಿರುವ್ತಿದ್ದಾನೆ. ಅವನ ಮೇಲೆ ಏನೂ ಮಾಡಲ್ಲ. ಅವನ ಸುತ್ತಮುತ್ತ ಇರೋ ಎಲ್ಲರ ಜೊತೆ ಒಪ್ಪಂದ ಮಾಡಿಕೊಂಡು, ಅವರಿಗೆಲ್ಲ ತಿಂಗಳಾ ತಿಂಗಳಾ ಅಲಾಯ್ ಕಳಿಸೋ ಪ್ಲಾನ್ ಇದೆ.