ನಿಂತ ಟ್ರ್ಯಾಕ್ಟರಿಗೆ ತುತ್ತು ಬಿಸಿಲು

ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹೊಲದ ಶೆಡ್ಡಿನಲ್ಲಿ ಒಂದು ಎಚ್‌ಎಂಟಿ 2511 ಟ್ರ್ಯಾಕ್ಟರ್ ಇದೆ. ಎಚ್‌ಎಂಟಿ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕೈಗಡಿಯಾರ. ಬೆಂಗಳೂರಿನ ಅದೇ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡಲು ಶುರುಮಾಡಿತ್ತು. ಚೆಕೊಸ್ಲೊವಾಕಿಯಾದ ಜೆಟರ್ ಟ್ರ್ಯಾಕ್ಟರಿನ ವಿನ್ಯಾಸ, ಎರಡು ಸಿಲಿಂಡರ್, 25 ಎಚ್‌ಪಿ. 2016ರಲ್ಲಿ ಕೇಂದ್ರ ಸರ್ಕಾರ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚುವ ತೀರ್ಮಾನ ಮಾಡಿತು. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ತಂದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಮಾರುವ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನನಗೂ ಈ ಟ್ರ್ಯಾಕ್ಟರ್ ಬೇಕು.

ಈಗ ರಂಟೆ ಹೊಡೆಯುವಂಥ ದೊಡ್ಡ ಕೆಲಸಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ನಮ್ಮದು ಟ್ರೇಲರ್ ಎಳೆಯುತ್ತದೆ, ಗೊಬ್ಬರ ಹೊರುತ್ತದೆ, ಗೋವಿನಜೋಳದ ಚೀಲ ಸಾಗಿಸುತ್ತದೆ. ಆಮೇಲೆ ನಿಲ್ಲುತ್ತದೆ. ಸಂಕ್ರಾಂತಿ ಮುಗಿದರೆ ರೋಹಿಣಿ ಮಳೆ ಬೀಳುವವರೆಗೂ ಶೆಡ್ಡಿನಿಂದ ಹೊರಗೆ ಬರುವುದು ಅಪರೂಪ. ಆ ಬೇಸಿಗೆಯಲ್ಲೇ ಬ್ಯಾಟರಿ ಸಾಯುತ್ತಿತ್ತು. ಬಿತ್ತನೆಯ ಅವಸರದಲ್ಲಿ ಸೆಲ್ಫ್ ಹೊಡೆದರೆ ಟಕ್ ಅನ್ನುವ ಸದ್ದು ಮಾತ್ರ. ನಾಲ್ಕು ಜನ ಸೇರಿ ಬದುವಿನ ಇಳಿಜಾರಿನವರೆಗೆ ತಳ್ಳಬೇಕು, ಗೇರಿನಲ್ಲಿ ಹಾಕಿ ಕ್ಲಚ್ ಬಿಡಬೇಕು. ಹಳೆಯ ಡೀಸೆಲ್ ಎಂಜಿನ್, ಒಮ್ಮೆ ಹೊತ್ತಿಕೊಂಡರೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಆದರೆ ಎಪ್ಪತ್ತು ದಾಟಿದ ಅಪ್ಪ ಟ್ರ್ಯಾಕ್ಟರಿನ ಹಿಂದೆ ಭುಜ ಕೊಟ್ಟು ನಿಲ್ಲುವುದನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹಿಂದೆ ಸರಿದರೆ ಏನು ಗತಿ?

ಎರಡು ಬೇಸಿಗೆಗೊಂದು ಹೊಸ ಬ್ಯಾಟರಿ ಅನ್ನುವಂತಾಗಿತ್ತು. ಒಂದೊಂದಕ್ಕೆ ಆರೇಳು ಸಾವಿರ. ಅಪ್ಪನಿಗೆ ದುಡ್ಡಿಗಿಂತ ಬೇರೆಯೇ ಸಂಕಟ. "ಕೆಲ್ಸ ಮಾಡಿ ಹಾಳಾಗಿದ್ರ ಬ್ಯಾಸರ ಇರ್ತಿದ್ದಿಲ್ಲ. ಸುಮ್ನ ನಿಂತ ಹಾಳಾಗಾಕತ್ತೈತಲ್ಲ ತಮ್ಮಾ" ಅನ್ನುತ್ತಿದ್ದರು.

ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಕೂತರೂ ಒಳಗೊಳಗೇ ಚಾರ್ಜ್ ಕಳೆದುಕೊಳ್ಳುತ್ತದೆ. ಸಾಮಾನ್ಯ ನೀರು ಹಾಕುವ ಬ್ಯಾಟರಿಯಲ್ಲಿ ಇದು ತಿಂಗಳಿಗೆ ನೂರಕ್ಕೆ ಐದರಷ್ಟು, ಸೆಖೆ ಏರಿದಂತೆ ಇನ್ನೂ ಜಾಸ್ತಿ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನೊಳಗೆ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಟರ್ಮಿನಲ್ ಬಿಚ್ಚಿಟ್ಟರೆ ಸಾಕು ಅಂತ ಊರಲ್ಲಿ ಹಲವರು ಹೇಳುತ್ತಾರೆ. ವೈರಿಂಗಿನಲ್ಲಿ ಸೋರಿಕೆ ಇದ್ದರೆ ಅದು ನಿಲ್ಲುತ್ತದೆ, ನಿಜ. ಒಳಗಿನ ಸೋರಿಕೆ ನಿಲ್ಲುವುದಿಲ್ಲ. ಚಾರ್ಜ್ ಇಳಿದ ಪ್ಲೇಟುಗಳ ಮೇಲೆ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಮತ್ತೆ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಶೆಡ್ಡಿನಲ್ಲೇ ಕರೆಂಟ್ ಇದ್ದಿದ್ದರೆ ಸಣ್ಣ ಚಾರ್ಜರ್ ಇಡಬಹುದಿತ್ತು. ಅಲ್ಲಿರುವುದು ಪಂಪ್‌ಸೆಟ್ಟಿನ ಲೈನ್. ತ್ರೀ ಫೇಸ್ ದಿನಕ್ಕೆ ಏಳು ತಾಸು, ಅದೂ ಎಷ್ಟೋ ಸಲ ರಾತ್ರಿ ಪಾಳಿ. 20 ಕಿಲೋಗೂ ಮೇಲೆ ತೂಗುವ ಬ್ಯಾಟರಿಯನ್ನು ಬೈಕಿನಲ್ಲಿಟ್ಟು ಮನೆಗೆ ಒಯ್ಯುವುದು, ಆಸಿಡ್ ತುಳುಕದಂತೆ ಹಿಡಿದುಕೊಳ್ಳುವುದು ಬೇಡವೇ ಬೇಡ. ಬಿಸಿಲಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ.

ರಾಣೆಬೆನ್ನೂರಿನಲ್ಲಿ ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. 50 ವ್ಯಾಟಿನ ಸೋಲಾರ್ ಪ್ಯಾನಲ್ ತರಲೇ ಅಂತ ಕೇಳಿದೆ. "ಅಷ್ಟು ದೊಡ್ಡದು ಬ್ಯಾಡ ಅಣ್ಣಾರ. ನಿಂತ ಬ್ಯಾಟ್ರಿಗೆ ಊಟ ಬೇಕಿಲ್ಲ, ತುತ್ತು ಸಾಕು" ಅಂದರು. ಕೂತು ಲೆಕ್ಕ ಹಾಕಿದರೆ ಅವರ ಮಾತು ಎಷ್ಟು ಸರಿ ಅಂತ ಗೊತ್ತಾಯಿತು. ನಮ್ಮದು 12 ವೋಲ್ಟ್, 75 ಆಂಪಿಯರ್ ಅವರ್ ಬ್ಯಾಟರಿ. ಒಂದು ಆಂಪಿಯರ್ ಕರೆಂಟ್ ಒಂದು ತಾಸು ಹರಿದರೆ ಒಂದು ಆಂಪಿಯರ್ ಅವರ್. ತಿಂಗಳಿಗೆ ನೂರಕ್ಕೆ ಐದು ಅಂದರೆ ನಾಲ್ಕು ಆಂಪಿಯರ್ ಅವರ್ ಕೂಡ ಆಗುವುದಿಲ್ಲ. 20 ವ್ಯಾಟಿನ ಪ್ಯಾನಲ್ ಒಳ್ಳೆಯ ಬಿಸಿಲಿನಲ್ಲಿ ಒಂದು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಇಡೀ ತಿಂಗಳ ನಷ್ಟ ಒಂದೇ ದಿನದ ಬಿಸಿಲಿನಲ್ಲಿ ತುಂಬಿಬಿಡುತ್ತದೆ! ಈ ಲೆಕ್ಕ ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

20 ವ್ಯಾಟಿನ ಪ್ಯಾನಲ್, ಸಣ್ಣ ಚಾರ್ಜ್ ಕಂಟ್ರೋಲರ್, ಫ್ಯೂಸ್, ವೈರು ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಆಯಿತು. ಬ್ಯಾಟರಿಯನ್ನು ಮೊದಲೇ ಅಂಗಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿಸಿದ್ದೆವು. ಸತ್ತ ಬ್ಯಾಟರಿಯನ್ನು ಎಬ್ಬಿಸುವುದು ಇಷ್ಟು ಸಣ್ಣ ಪ್ಯಾನಲ್ಲಿನ ಕೆಲಸವಲ್ಲ, ತುಂಬಿದ್ದನ್ನು ತುಂಬಿದಂತೆ ಇಡುವುದಷ್ಟೇ ಅದರ ಕೆಲಸ.

ಕೂರಿಸಿದ್ದು ಒಂದು ಭಾನುವಾರ. ಬೆಳಿಗ್ಗೆ ಅಪ್ಪ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಟರ್ಮಿನಲ್ಲಿನ ಮೇಲೆ ಬೆಳೆದಿದ್ದ ಬಿಳಿ, ಹಸಿರು ಪುಡಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೊಳೆದರು. ಒಂದು ಹನಿಯೂ ಸೆಲ್ಲಿನೊಳಗೆ ಹೋಗದಂತೆ ಮುಚ್ಚಳಗಳನ್ನು ಬಿಗಿ ಮಾಡಿದ್ದರು. ಆಮೇಲೆ ಒರೆಸಿ, ಕ್ಲ್ಯಾಂಪ್ ಬಿಗಿದು, ವ್ಯಾಸಲೀನ್ ಸವರಿದರು. ನಾನು ತಗಡಿನ ಮೇಲೆ ಜಾಗ ನೋಡುತ್ತಿದ್ದೆ. ಮುಖ ದಕ್ಷಿಣಕ್ಕೆ, ಓರೆ ಹದಿನೈದು ಡಿಗ್ರಿಯಷ್ಟು. ನಮ್ಮ ಕಡೆ ಅಷ್ಟು ಸಾಕು, ಮಳೆ ಬಂದರೆ ದೂಳೂ ಜಾರಿ ಹೋಗುತ್ತದೆ. ಪಶ್ಚಿಮಕ್ಕೆ ಒಂದು ಬೇವಿನ ಮರವಿದೆ. ಅದರ ನೆರಳು ಪ್ಯಾನಲ್ಲಿನ ಒಂದು ಮೂಲೆಗೆ ಬಿದ್ದರೂ ಕರೆಂಟ್ ತುಂಬ ಇಳಿಯುತ್ತದೆ, ಯಾಕೆಂದರೆ ಒಳಗಿನ ಸೆಲ್ಲುಗಳೆಲ್ಲ ಒಂದರ ಬಾಲಕ್ಕೆ ಒಂದು ಜೋಡಿಸಿರುತ್ತವೆ. ಅದಕ್ಕೇ ಪ್ಯಾನಲ್ಲನ್ನು ಪೂರ್ವದ ತುದಿಗೆ ಸರಿಸಿದೆವು.

ಕಂಟ್ರೋಲರ್ ಬಗ್ಗೆ ಎರಡು ಮಾತು ಹೇಳಲೇಬೇಕು. 12 ವೋಲ್ಟ್ ಪ್ಯಾನಲ್ ಅಂತ ಕರೆದರೂ ಬಿಸಿಲಿನಲ್ಲಿ ಬರಿ ವೈರಿಗೆ ಮೀಟರ್ ಹಿಡಿದರೆ 21 ವೋಲ್ಟ್ ತೋರಿಸುತ್ತದೆ. ಅದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು ತಿಂಗಳುಗಟ್ಟಲೆ ಬಿಟ್ಟರೆ ನೀರು ಕುದಿದ ಹಾಗೆ ಗುಳ್ಳೆ ಎದ್ದು ಒಣಗುತ್ತದೆ, ಪ್ಲೇಟು ಬಯಲಾಗುತ್ತದೆ. ಕಂಟ್ರೋಲರ್ ಇದ್ದರೆ ಬ್ಯಾಟರಿ ತುಂಬಿದ ಮೇಲೆ 13.7 ವೋಲ್ಟಿನ ಹತ್ತಿರ ಹಿಡಿದು ನಿಲ್ಲಿಸುತ್ತದೆ. ರಾತ್ರಿ ಬ್ಯಾಟರಿಯಿಂದ ಪ್ಯಾನಲ್ಲಿಗೆ ಕರೆಂಟ್ ವಾಪಸ್ ಹರಿಯದಂತೆಯೂ ನೋಡಿಕೊಳ್ಳುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿದೆವು. ಶೆಡ್ಡಿನಲ್ಲಿ ಇಲಿಗಳ ಕಾಟ. ವೈರು ಕಡಿದು ತಗಡಿಗೆ ತಾಗಿದರೆ ಫ್ಯೂಸ್ ಹೋಗಲಿ, ಬೆಂಕಿ ಬೇಡ.

ಬ್ಯಾಟರಿ ಕಡೆಯ ವೈರಿಗೆ, ಬೈಕ್ ವೈರಿಂಗಿನಲ್ಲಿ ಇರುತ್ತದಲ್ಲ, ಆ ಥರದ ಕಪ್ಲರ್ ಹಾಕಿಸಿದೆವು. ಟ್ರ್ಯಾಕ್ಟರ್ ತೆಗೆಯುವ ಮುಂಚೆ ಪ್ಯಾನಲ್ ಬಿಚ್ಚಿ, ಆಮೇಲೆ ಕಪ್ಲರ್ ಎಳೆದರೆ ಆಯಿತು. ಮನೆಯ ಎರಡು ಪಿನ್ನಿನ ಪ್ಲಗ್ ಇಲ್ಲಿ ಖಂಡಿತ ಬೇಡ, ಅದು ಉಲ್ಟಾ ಕೂಡ ಕೂರುತ್ತದೆ. ಕಪ್ಲರ್ ಒಂದೇ ಕಡೆಯಿಂದ ಕೂರುವುದರಿಂದ ಅಪ್ಪ ಕತ್ತಲಲ್ಲಿ ಹಾಕಿದರೂ ಪ್ಲಸ್ ಮೈನಸ್ ತಪ್ಪುವುದಿಲ್ಲ.

ಆ ಬೇಸಿಗೆಯಿಡೀ ಊರಿಗೆ ಹೋದಾಗಲೆಲ್ಲ ಪ್ಯಾನಲ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಿಡಿಯುತ್ತಿದ್ದೆ. 12.7 ವೋಲ್ಟಿನ ಆಸುಪಾಸು, ಅಂದರೆ ಬ್ಯಾಟರಿ ತುಂಬಿದೆ. ಹಿಂದಿನ ವರ್ಷಗಳಲ್ಲಿ ಮೇ ತಿಂಗಳಿಗೆ 12ಕ್ಕಿಂತ ಕೆಳಗಿಳಿದಿರುತ್ತಿತ್ತು. ಅಪ್ಪ ಪ್ಯಾನಲ್ಲಿನ ಉಸ್ತುವಾರಿಯನ್ನು ತಾವೇ ವಹಿಸಿಕೊಂಡರು. ಪಕ್ಕದ ಕಣದಲ್ಲಿ ಗೋವಿನಜೋಳದ ಮಷಿನ್ ಓಡಿದ ಮರುದಿನ ಬೆಳಿಗ್ಗೆ, ಗಾಜು ಕಾಯುವ ಮುಂಚೆ, ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತಾರೆ. ಆ ಹೊತ್ತಿನಲ್ಲಿ ಯಾರೂ ಬೀಡಿ ಹಚ್ಚಿಕೊಂಡು ಶೆಡ್ಡಿನೊಳಗೆ ಬರುವಂತಿಲ್ಲ.

ರೋಹಿಣಿ ಮಳೆ ಬಿದ್ದ ಮೇಲೆ ಗೊಬ್ಬರ ಸಾಗಿಸಲು ಟ್ರ್ಯಾಕ್ಟರ್ ಬೇಕಾಯಿತು. ಅಪ್ಪ ಪ್ಯಾನಲ್ ಬಿಚ್ಚಿ, ಕಪ್ಲರ್ ಎಳೆದು, ಸೀಟು ಹತ್ತಿ ಸೆಲ್ಫ್ ಹೊಡೆದರು. ಎಂಜಿನ್ ಗಡಗಡ ತಿರುಗಿ ಹೊತ್ತಿಕೊಂಡಿತು. ತಳ್ಳಲು ಬಂದಿದ್ದ ಹುಡುಗರು ಬಾಗಿಲಲ್ಲೇ ನಿಂತಿದ್ದರು, ಅವರನ್ನೇ ಟ್ರೇಲರಿಗೆ ಹತ್ತಿಸಿಕೊಂಡು ಹೊರಟೆವು.

ಈಗ ಪಕ್ಕದ ಹೊಲದ ಕಾಕಾ ತಮ್ಮ ಹಳೆ ಜೀಪಿಗೆ ಅಂತ 40 ವ್ಯಾಟಿನ ಪ್ಯಾನಲ್ ತಂದಿದ್ದಾರೆ. ಕಂಟ್ರೋಲರ್ ತಂದಿಲ್ಲ, ನೇರವಾಗಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದು ಎರಡು ಆಂಪಿಯರಿಗೂ ಜಾಸ್ತಿ ಸುರಿಯುತ್ತದೆ. ನಾನು ಬರುವವರೆಗೆ ಜೋಡಿಸಬೇಡಿ ಕಾಕಾ ಅಂತ ಫೋನಿನಲ್ಲಿ ಹೇಳಿದ್ದೇನೆ. ಬರುವ ವಾರ ಊರಿಗೆ ಹೋಗುವಾಗ ಅವರಿಗೊಂದು ಕಂಟ್ರೋಲರ್, ಒಂದು ಕಪ್ಲರ್, ಒಂದು ಫ್ಯೂಸ್ ತೆಗೆದುಕೊಂಡು ಹೋಗಬೇಕು.