ವಾಕ್ಯದ ಕೊನೆ ನುಂಗಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆ ವೇದಿಕೆಗೇನೂ ಬರವಿಲ್ಲ. ಗಣೇಶೋತ್ಸವ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಸಹಕಾರ ಸಂಘದ ಮಹಾಸಭೆ, ಎಲ್ಲಿ ಹೋದರೂ ‘ಒಂದೆರಡು ಮಾತಾಡ್ರಿ’ ಅಂತ ಮೈಕ್ ಕೊಡುತ್ತಾರೆ. ಅಲ್ಲಿ ತಡವರಿಸುವ ಬಹಳ ಜನಕ್ಕೆ ವಿಷಯ ಗೊತ್ತಿರುತ್ತದೆ. ಸಾಲದೆ ಹೋಗುವುದು ಉಸಿರು.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ‘ಕೆರೆ ಹೂಳೆತ್ತುವ ಕೆಲಸ ಈ ವರ್ಷ ಆಗು...’ ಎಂಬಲ್ಲಿಯವರೆಗೆ ದೊಡ್ಡ ದನಿ, ಆಮೇಲೆ ‘ತ್ತದೆ’ಯೋ ‘ವುದಿಲ್ಲ’ವೋ ಗಂಟಲಲ್ಲೇ ಉಳಿದರೆ, ಹಿಂದಿನ ಸಾಲಿನವನಿಗೆ ಏನೂ ಸಿಗಲಿಲ್ಲ. ಅಂಜಿಕೆಯಾದಾಗ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಅರ್ಧ ವಾಕ್ಯಕ್ಕೇ ಮುಗಿಯುತ್ತದೆ. ಕೇಳುವವರ ಮುಖ ಸಪ್ಪಗಾಗುತ್ತದೆ. ಅದನ್ನು ಕಂಡು ಮಾತು ಇನ್ನೂ ಓಡುತ್ತದೆ.

ಪರೀಕ್ಷೆ ಸುಲಭ. ಎರಡು ನಿಮಿಷ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಅದನ್ನು ಪಕ್ಕದ ಕೋಣೆಯಲ್ಲಿ ಹಚ್ಚಿಟ್ಟು ಇಲ್ಲಿಂದ ಕೇಳಿ. ಹತ್ತು ವಾಕ್ಯಗಳಲ್ಲಿ ಎಷ್ಟರ ಕೊನೆಯ ಪದ ಸ್ಪಷ್ಟವಾಗಿದೆ, ಎಣಿಸಿ. ಎಂಟಕ್ಕಿಂತ ಕಡಿಮೆಯಾದರೆ ವಾಕ್ಯಗಳು ಉದ್ದವಾಗಿವೆ ಎಂದರ್ಥ. ‘ಮತ್ತು’, ‘ಅಲ್ಲದೆ’, ‘ಆದ್ದರಿಂದ’ ಬಂದಲ್ಲೆಲ್ಲ ಕತ್ತರಿಸಿ. ಒಂದು ಉಸಿರಿಗೆ ಹತ್ತು ಪದ ಸಾಕು. ವಾಕ್ಯ ಮುಗಿದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ಉಸಿರೆಳೆಯಿರಿ. ಬಾಯಿ ತೆರೆದೇ ಇದ್ದರೆ ‘ಆ...’, ‘ಏನಪ್ಪಾ ಅಂದ್ರೆ’ ತಾವಾಗಿ ನುಗ್ಗುತ್ತವೆ. ಆ ಮೌನ ನಿಮಗೆ ಯುಗದಂತೆ ಅನ್ನಿಸಬಹುದು, ಸಭೆಗೆ ಅದು ಒಂದೇ ಕ್ಷಣ.

ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ದಾವಣಗೆರೆಯದೇ. ಕಂಪನಿ ನಾಟಕದ ಸಂಭಾಷಣೆ ಕೇಳುವಾಗ ಕೊನೆಯ ಪದಕ್ಕೆ ಬೀಳುವ ಒತ್ತನ್ನು ಗಮನಿಸಿ. ಅದನ್ನು ಬರೀ ಅಬ್ಬರ ಅಂತ ತಳ್ಳಿಹಾಕುವುದು ತಪ್ಪು. ಕೊನೆಯ ಬೆಂಚಿಗೂ ಮಾತು ಪೂರ್ತಿ ಮುಟ್ಟಬೇಕೆಂಬ ಕಾಳಜಿ ಅದರಲ್ಲಿದೆ.

ವೇದಿಕೆ ಹತ್ತುವ ಮೊದಲು ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ. ಹೀಗೆ ಆರು ಸಲ, ಒಂದು ನಿಮಿಷದ ಕೆಲಸ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಹೊಟ್ಟೆ ಬಿರಿಯುವಷ್ಟು ತಿಂದಿದ್ದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ಪೂರ್ತಿ ಕೆಳಗಿಳಿಯುವುದಿಲ್ಲ, ಹಾಗಾಗಿ ಬೆಣ್ಣೆ ದೋಸೆ ಭಾಷಣದ ನಂತರವಿರಲಿ. ನೀರು ಮಾತ್ರ ಗುಟುಕು ಗುಟುಕಾಗಿ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಗದ್ದದ ಮಟ್ಟದಲ್ಲಿ, ತುಸು ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಭ’ಗಳ ಗಾಳಿ ಬಡಿದು ಢಬ್ ಅನ್ನುತ್ತದೆ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಸ್ಪೀಕರ್ ಡಬ್ಬಿಯ ಮುಂದೆ ನಿಲ್ಲಬೇಡಿ. ಡಬ್ಬಿಯ ಸದ್ದು ಮತ್ತೆ ಮೈಕಿಗೆ ಹೊಕ್ಕು ‘ಕುಂಯ್’ ಅನ್ನುವುದು ಹೀಗೆಯೇ. ಚಿತ್ರದುರ್ಗದ ಬಯಲಲ್ಲಿ ಗಾಳಿ ಬೇರೆ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮೈಕಿಗೆ ಸ್ಪಂಜಿನ ಟೋಪಿ ಹಾಕಿಸಿಕೊಳ್ಳಿ. ಎ4 ಹಾಳೆ ಪಟಪಟ ಹಾರುತ್ತದೆ, ನಡುಗುವ ಕೈಯನ್ನೂ ತೋರಿಸಿಕೊಡುತ್ತದೆ. ಅಂಚೆ ಕಾರ್ಡಿನಷ್ಟು ದಪ್ಪದ ಮೂರು ಚೀಟಿ ಸಾಕು, ಸಂಖ್ಯೆ ಹಾಕಿರಿ.

ಮೊದಲ ಚೀಟಿಯಲ್ಲಿ ಗಣ್ಯರ ಹೆಸರು, ಹುದ್ದೆ. ನೆನಪನ್ನು ನಂಬಿ ಒಬ್ಬರ ಹೆಸರು ಬಿಟ್ಟುಹೋದರೆ ಆಮೇಲಿನ ಐದು ನಿಮಿಷ ಅದೇ ಕೊರೆಯುತ್ತದೆ. ನಿರೂಪಕರು ಆಗಲೇ ಎಲ್ಲರನ್ನೂ ಹೆಸರಿಸಿದ್ದರೆ ನೀವು ಒಂದೇ ವಾಕ್ಯದಲ್ಲಿ ವಂದಿಸಿ ಮುಂದೆ ಹೋಗಿ.

ಬಾಯಿಪಾಠ ಬೇಕಿರುವುದು ಮೊದಲ ಎರಡು ವಾಕ್ಯ ಮತ್ತು ಕೊನೆಯ ಒಂದು. ನಡುವಿನದನ್ನು ಬಾಯಿಪಾಠ ಮಾಡಿದರೆ ಒಂದು ಪದ ತಪ್ಪಿದಾಗ ಇಡೀ ಸಾಲು ನಿಂತುಹೋಗುತ್ತದೆ. ಅಲ್ಲಿಗೆ ಸುಳಿವಿನ ಪದಗಳಷ್ಟೇ ಸಾಕು. ಐದು ನಿಮಿಷ ಕೊಟ್ಟಿದ್ದರೆ ಮೂರಕ್ಕೆ ತಯಾರಾಗಿ. ಕಾರ್ಯಕ್ರಮ ತಡವಾಗಿ ಶುರುವಾದರೆ ‘ಬೇಗ ಮುಗಿಸಿ’ ಎಂಬ ಚೀಟಿ ಬಂದೇ ಬರುತ್ತದೆ. ಆಗ ಬಿಡಬೇಕಾದ ಅಂಶಕ್ಕೆ ಮೊದಲೇ ಗೆರೆ ಹಾಕಿಟ್ಟಿರಿ. ಕೊನೆಯ ವಾಕ್ಯಕ್ಕೆ ನೇರ ಜಿಗಿಯಬಹುದು.

ನೋಟ ಮುಂದಿನ ಸಾಲಿನಲ್ಲೇ ಅಂಟಿಕೊಳ್ಳದಿರಲಿ. ಹಿಂದೆ ಎಡ, ಬಲ, ನಡು ಮೂರೂ ಕಡೆ ಒಂದೊಂದು ಮುಖ ಹಿಡಿದು, ಒಬ್ಬರಿಗೆ ಒಂದು ಪೂರ್ತಿ ವಾಕ್ಯ ಹೇಳಿ. ಮುಖ ತಿರುಗಿದಾಗ ಕೈಯಲ್ಲಿರುವ ಮೈಕೂ ಜೊತೆಗೇ ತಿರುಗಬೇಕು.

ಮುಗಿದ ಮೇಲೆ ‘ಇಷ್ಟು ಹೇಳಿ ನನ್ನ ಎರಡು ಮಾತು...’ ಎಂದು ಗೊಣಗುತ್ತ ಸರಿಯಬೇಡಿ. ಒಂದು ಉಸಿರಿನಷ್ಟು ಹೊತ್ತು ನಿಂತು, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ. ಸ್ವಿಚ್ ಆರಿಸಬೇಡಿ, ಮುಂದೆ ಬರುವವರ ಮೊದಲ ವಾಕ್ಯ ಯಾರಿಗೂ ಕೇಳಿಸದೆ ಹೋಗುತ್ತದೆ.